ಕಾಗೆಗುಡ್ಡದ ಹಗೆಯ ಎಡ ಅಂಚು

ನನ್ನ ಗಂಡ ತೊಕುಜಿ ಸಾಯುವುದರಲ್ಲಿ ಪಳಗಿದ ಕೈ. ಕತ್ತಿಕಾಳಗದ ಚಿತ್ರಗಳಲ್ಲಿ ನಾಯಕ ಒಂದೊಂದೇ ಏಟಿಗೆ ಉರುಳಿಸುತ್ತಾ ಹೋಗುವ ಹತ್ತಾರು ಜನರಿರುತ್ತಾರಲ್ಲ, ಅವರಲ್ಲಿ ಇವರೂ ಒಬ್ಬರು. ಬೆಳಿಗ್ಗೆ ಅನ್ನ, ಮೂಲಂಗಿ ಉಪ್ಪಿನಕಾಯಿ ತಿಂದು ಹೊರಟರೆ ಸೇತುವೆಯಿಂದ ಬಿದ್ದು, ಬಾವಿಕಟ್ಟೆಗೆ ಒರಗಿ, ಬಿದಿರು ಮೆಳೆಯಲ್ಲಿ ಬೆನ್ನು ಬಿಲ್ಲಾಗಿಸಿ ಸತ್ತು, ಸಂಜೆ ಮನೆಗೆ ಬಂದು ಸ್ನಾನಕ್ಕೆ ನೀರು ಕಾದಿದೆಯಾ ಎಂದು ಕೇಳುತ್ತಿದ್ದರು. ಕ್ಯೋಟೋದ ಉಜುಮಾಸಾದಲ್ಲಿ, ಸ್ಟುಡಿಯೊದ ಬೇಲಿಗೆ ಆತುಕೊಂಡು ಬದುಕುವ ನಮ್ಮಂಥವರಿಗೆ ಇದೇನೂ ವಿಚಿತ್ರವಲ್ಲ. ನಾನು ಅದೇ ಸ್ಟುಡಿಯೊದ ಬಟ್ಟೆ ವಿಭಾಗದಲ್ಲಿ ಹೊಲಿಗೆಯವಳು. ಇವರು ಹರಿದುಕೊಂಡು ಬಂದ ತೋಳುಗಳನ್ನು ಹೊಲಿದು ಹೊಲಿದೇ ಪರಿಚಯವಾಗಿ ಮದುವೆಯಾಯಿತು.

ಆ ಕಸುಬಿನಲ್ಲಿ ಸಾಯುವವನಿಗೇ ಕೆಲಸ ಜಾಸ್ತಿ. ನಾಯಕ ಕತ್ತಿ ಬೀಸುತ್ತಾನೆ, ಅಷ್ಟೆ. ಅದು ತಗುಲಿದಂತೆ ಕಾಣಿಸುವುದು, ತಗುಲದಂತೆ ಒಂದು ಮುಷ್ಟಿ ದೂರ ನಿಲ್ಲುವುದು, ಎರಡೂ ಸಾಯುವವನ ಹೊಣೆ. ತಗುಲಿತೋ, ತಪ್ಪು ಅವನದೇ.

ಟೋಕಿಯೋದಲ್ಲಿ ಒಲಿಂಪಿಕ್ಸ್ ನಡೆದ ವರ್ಷ ನಮ್ಮಲ್ಲಿ 'ಕಾಗೆಗುಡ್ಡದ ಹಗೆ' ತೆಗೆದರು. ಅಣ್ಣನನ್ನು ಮೋಸದಿಂದ ಕೊಂದವರನ್ನು ತಮ್ಮ ಊರೂರು ಹುಡುಕಿ ಸೇಡು ತೀರಿಸಿಕೊಳ್ಳುವ ಕಥೆ. ನಾಯಕ ನಮ್ಮ ಸ್ಟುಡಿಯೊದ ದೊಡ್ಡವರು. ಅವರ ಹೆಸರನ್ನು ನಾವ್ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ದೊಡ್ಡವರು ಎಂದರೆ ಸಾಕಿತ್ತು. ಕೊನೆಯ ಕಾಳಗ ಒಂದು ಉರಿಯುವ ಛತ್ರದಲ್ಲಿ. ಛತ್ರವನ್ನು ಒಂದೇ ಸಲ ಸುಡಬಹುದು, ಹಾಗಾಗಿ ಒಂದೇ ಸಲ ಚಿತ್ರೀಕರಣ. ಆ ಹೊಗೆಯಲ್ಲಿ ಒಂದು ಕತ್ತಿಯ ತುದಿ ಇವರ ಎಡಗಣ್ಣನ್ನು ಹೊಕ್ಕಿತು. ಒಂಟಿ ಕಣ್ಣಿನವನಿಗೆ ಒಂದು ಮುಷ್ಟಿ ದೂರ ಎಷ್ಟೆಂದು ತಿಳಿಯುವುದಿಲ್ಲ. ಕಣ್ಣಿನ ಜೊತೆ ಕೆಲಸವೂ ಹೋಯಿತು. ಮನೆಯ ಮುಂದಿನ ಕಿಟಕಿಯಲ್ಲಿ ಸಿಗರೇಟಂಗಡಿ ಇಟ್ಟುಕೊಂಡೆವು.

ಆಸ್ಪತ್ರೆಗೆ ಮೊದಲು ಬಂದವನು ಎಯ್ಸಾಕು. ಇವರ ಜೀವದ ಗೆಳೆಯ, ಜೊತೆಜೊತೆಯಲ್ಲೇ ಸಾಯುತ್ತಿದ್ದವನು. ನೆಲಕ್ಕೆ ಹಣೆ ಹಚ್ಚಿ, "ನನ್ನ ಕತ್ತಿ ಕಣೋ ತೊಕು. ಹೊಗೇಲಿ ಕಾಣ್ಲಿಲ್ಲ. ಕ್ಷಮಿಸಿಬಿಡು" ಎಂದ. ಎಷ್ಟು ಹೊತ್ತಾದರೂ ಹಣೆ ಎತ್ತಲಿಲ್ಲ. ಕೊನೆಗೆ ನರ್ಸ್ ಬಂದು ಏಳಿಸಿದಳು.

ಇವರು ಕ್ಷಮಿಸಿಯೇ ಬಿಡುತ್ತಿದ್ದರೇನೋ. ಆದರೆ ಮುಂದಿನ ಚಿತ್ರದಲ್ಲಿ ಮಾತಿರುವ ಒಂದು ಪಾತ್ರ, ಪರದೆಯ ಮೇಲೆ ಹೆಸರು ಬರುವ ಪಾತ್ರ, ಇವರಿಬ್ಬರಲ್ಲಿ ಒಬ್ಬರಿಗೆ ಎಂದು ಮೊದಲೇ ಮಾತಾಗಿತ್ತು. ಅದು ಎಯ್ಸಾಕುವಿಗೆ ಹೋಯಿತು. ಅಲ್ಲಿಂದ ಅವನು ಟಿವಿ ಧಾರಾವಾಹಿಗಳ ಖಳನಾಯಕನಾದ. ಮನೆಮನೆಯ ಹೆಂಗಸರು ಶಾಪ ಹಾಕುವಷ್ಟು ಹೆಸರು ಮಾಡಿದ. ಇವರು ಕಿಟಕಿಯಲ್ಲಿ ಕೂತು ಸಿಗರೇಟು ಮಾರುತ್ತಾ ಒಂದನ್ನೇ ಯೋಚಿಸಿದರು: ಕೈತಪ್ಪಿತೋ, ಅಥವಾ ಬೇಕೆಂದೇ ಚುಚ್ಚಿದನೋ? ನನಗೇನು ಅನುಮಾನ ಕಡಿಮೆಯಿತ್ತೆಂದು ತಿಳಿಯಬೇಡಿ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎನ್ನುವವಳು ನಾನು. ಎಯ್ಸಾಕು ಎರಡು ಸಲ ಬಾಗಿಲಿಗೆ ಬಂದಾಗ ಒಳಗಿನಿಂದ ಚಿಲಕ ಹಾಕಿಕೊಂಡೆವು. ಆಮೇಲೆ ಅವನು ಬರಲಿಲ್ಲ. ಬರುವುದನ್ನು ಯಾಕೆ ಬಿಟ್ಟ ಎಂದು ಅದಕ್ಕೂ ಅನುಮಾನಪಟ್ಟೆವು.

ದೊಡ್ಡವರು ಮಾತ್ರ ನಮ್ಮನ್ನು ಮರೆಯಲಿಲ್ಲ. ಹೊಸ ವರ್ಷಕ್ಕೆ ತಪ್ಪದೆ ಕಾರ್ಡು, ಬೇಸಿಗೆಗೆ ಒಂದು ಪೆಟ್ಟಿಗೆ ಪೀಚ್ ಹಣ್ಣು. ಅವರು ತೀರಿಕೊಂಡಾಗ ಇವರು ಅವರ ಫೋಟೊವನ್ನು ಗೋಡೆಗೆ ಹಾಕಿ, ದಿನಾ ಬೆಳಿಗ್ಗೆ ಅದರ ಮುಂದೆ ತಲೆಬಾಗಿಸಿಯೇ ಅಂಗಡಿಯ ಕಿಟಕಿ ತೆರೆಯುತ್ತಿದ್ದರು.

ಹೀಗಿರುವಾಗ, ಹಳೆಯ ಚಕ್ರವರ್ತಿ ತೀರಿಕೊಂಡ ಆ ಚಳಿಗಾಲ, ಹೊಸ ವರ್ಷದ ಊಟಕ್ಕೆ ಕೂತಾಗ ನಮ್ಮ ಒಬ್ಬಳೇ ಮಗಳು ಚಿಗುಸಾ ತಾನೊಬ್ಬ ಹುಡುಗನನ್ನು ಮೆಚ್ಚಿದ್ದೇನೆ ಎಂದಳು. ನಮಗೆ ಸಂತೋಷವೇ. ಹುಡುಗ ಶೂಹೇ, ಎಲೆಕ್ಟ್ರಿಕ್ ಅಂಗಡಿಯಲ್ಲಿ ಕೆಲಸ.

"ಮನೆತನ?" ಎಂದೆ.

"ಕುರಾಮೋಚಿ."

ಇವರ ಊಟದ ಕಡ್ಡಿಗಳು ಬಟ್ಟಲಿನಲ್ಲೇ ನಿಂತವು. "ಯಾವ ಕುರಾಮೋಚಿ?"

"ಅದೇ ಅಪ್ಪ. ಎಯ್ಸಾಕು ಅವರ ಮಗ. ನಂಗೆ ಮೊದ್ಲು ಗೊತ್ತಿರ್ಲಿಲ್ಲ. ಅವನಿಗೂ ಗೊತ್ತಿರ್ಲಿಲ್ಲ. ನಾನು ವಿಡಿಯೊ ಪ್ಲೇಯರ್ ತರೋಕೆ ತೆರಾಮಾಚಿ ಬೀದಿಗೆ ಹೋಗಿದ್ನಲ್ಲ, ಅವನು ಆ ಅಂಗಡೀಲಿದ್ದ. ಅಷ್ಟೇ."

"ಬೀದಿ ತುಂಬಾ ಎಲೆಕ್ಟ್ರಿಕ್ ಅಂಗಡಿ. ನಿಂಗೆ ಅದೇ ಸಿಕ್ತಾ?" ಎಂದೆ ನಾನು.

"ಅಮ್ಮಾ, ಅಲ್ಲಿ ಕಡಿಮೆಗೆ ಕೊಡ್ತಿದ್ರು!"

"ಯಾಕೆ ಕಡಿಮೆಗೆ ಕೊಟ್ಟ? ಕೇಳಿದ್ಯಾ?"

"ಅವನೇ ಕಳಿಸಿರೋದು ಮಗನ್ನ" ಎಂದರು ಇವರು. "ನನ್ನ ಕಣ್ಣು ತಗೊಂಡ, ಈಗ ಮಗಳು."

ಚಿಗುಸಾ ಅತ್ತು ಕರೆದು ಮಾಡುವವಳಲ್ಲ. ಬಟ್ಟಲು ಕೆಳಗಿಟ್ಟು ನೇರವಾಗಿ ಹೇಳಿದಳು: "ಅಪ್ಪ ಹೂಂ ಅನ್ನದೆ ನಾನು ಆ ಮನೆಗೆ ಹೋಗಲ್ಲ. ಹಾಗಂತ ಬೇರೆ ಯಾರನ್ನೂ ಕಟ್ಕೊಳ್ಳೋದೂ ಇಲ್ಲ. ಹೀಗೇ ನಿಮ್ಮ ಕಿಟಕೀಲಿ ಕೂತು ಸಿಗರೇಟ್ ಮಾರ್ತೀನಿ."

"ಬೇಕಂತ ಮಾಡಿದ್ನೋ ಇಲ್ವೋ, ಅದು ಗೊತ್ತಾಗ್ಲಿ. ಕೈತಪ್ಪಿದ್ದಾದ್ರೆ ಹೂಂ ಅಂತೀನಿ. ಬೇಕಂತ ಮಾಡಿದ್ರೆ ಸತ್ರೂ ಇಲ್ಲ" ಎಂದರು ಇವರು.

"ಇಷ್ಟು ವರ್ಷ ಗೊತ್ತಾಗದ್ದು ಈಗ ಹೇಗೆ ಗೊತ್ತಾಗತ್ತೆ?"

ಇವರು ಬಟ್ಟಲು ಸರಿಸಿ ಎದ್ದರು.

ಉತ್ತರ ಮುಂದಿನ ವಾರ ತಾನಾಗಿ ಬಂತು. ಚಕ್ರವರ್ತಿ ಹೋದ ದಿನ ಟಿವಿಯ ಎಲ್ಲ ಚಾನೆಲ್‌ಗಳಲ್ಲೂ ಶೋಕ ಬಿಟ್ಟರೆ ಬೇರೇನಿಲ್ಲ. ಊರಿಗೆ ಊರೇ ವಿಡಿಯೊ ಅಂಗಡಿಗೆ ಮುಗಿಬಿತ್ತು. ಇವರೂ ಹೋದರು. ಕಪಾಟು ಖಾಲಿಯಾಗುತ್ತಾ ಬಂದು, ಕೆಳಗಿನ ಸಾಲಿನ ಧೂಳಿನಲ್ಲಿ ಉಳಿದಿದ್ದು 'ಕಾಗೆಗುಡ್ಡದ ಹಗೆ'. ಈ ಚಿತ್ರವನ್ನು ನಾವು ಯಾವತ್ತೂ ನೋಡಿರಲಿಲ್ಲ. ಬಿಡುಗಡೆಯಾದಾಗ ಇವರು ಆಸ್ಪತ್ರೆಯಲ್ಲಿದ್ದರು. ಆಮೇಲೆ ನೋಡುವ ಧೈರ್ಯ ಇಬ್ಬರಿಗೂ ಇರಲಿಲ್ಲ.

"ಥಿಯೇಟರಲ್ಲಿ ನೋಡಿದ್ರೆ ಕಣ್ಣು ಮಿಟುಕಿಸೋದ್ರಲ್ಲಿ ಮುಗಿದೋಗತ್ತೆ" ಎಂದರು ಮನೆಗೆ ಬಂದು, ಟೇಪನ್ನು ಎದೆಗೆ ಒತ್ತಿಕೊಂಡು. "ಇದನ್ನ ನಿಲ್ಲಿಸ್ಬೋದು ಫುಸಾ. ಹಿಂದಕ್ಕೆ ತಿರುಗಿಸ್ಬೋದು. ಅವನ ಮಣಿಕಟ್ಟು ನೋಡಿದ್ರೆ ಸಾಕು, ನಂಗೆ ಗೊತ್ತಾಗತ್ತೆ."

ಕೊತಾತ್ಸುವಿನ ಬೆಚ್ಚನೆಯ ಮೇಜಿನಡಿ ಕಾಲಿಟ್ಟುಕೊಂಡು ನೋಡಿದೆವು. ಚಿತ್ರದ ಬಗ್ಗೆ ನನ್ನನ್ನು ಕೇಳಬೇಡಿ. ನಾಯಕ ಅಷ್ಟು ಜನರನ್ನು ಕಡಿದರೂ ಜುಟ್ಟಿನ ಒಂದು ಕೂದಲೂ ಕದಲುವುದಿಲ್ಲ. ಕೊನೆಗೆ ಛತ್ರ ಹೊತ್ತಿಕೊಂಡಿತು. ದೊಡ್ಡವರು ನಡುವೆ ನಿಂತು ಕಡಿಯುತ್ತಿದ್ದರು. ಮುಂದಿದ್ದವನನ್ನು ಉರುಳಿಸಿ, ಕತ್ತಿಯನ್ನು ಹೆಗಲ ಮೇಲಿಂದ ಹಿಂದಕ್ಕೆ ಎತ್ತಿದರು. ಆಗ ಎಡಗಡೆಯಿಂದ, ಕೈಯಿಂದ ಕಣ್ಣು ಮುಚ್ಚಿಕೊಂಡ ಒಬ್ಬ ಮನುಷ್ಯ ತೂರಾಡುತ್ತಾ ಪರದೆಯೊಳಗೆ ಬಂದು, ಮತ್ತೆ ಆಚೆಗೆ ಬಿದ್ದ.

"ನಾನು" ಎಂದರು ಇವರು.

ನಿಲ್ಲಿಸಿದರು. ನಿಂತ ಚಿತ್ರ ಜ್ವರ ಬಂದಂತೆ ನಡುಗುತ್ತಿತ್ತು. ನನ್ನ ಗಂಡನ ಬೆನ್ನ ಹಿಂದೆ, ಪರದೆಯ ಅಂಚಿನಲ್ಲಿ, ಒಂದು ತೋಳು, ತೋಳಿನ ತುದಿಯಲ್ಲಿ ಎತ್ತಿದ ಕತ್ತಿ. ಮುಖವಿಲ್ಲ. ಆದರೆ ಆ ನೀಲಿ ಪಟ್ಟೆಯ ತೋಳಿಗೆ ಮುಖ ಯಾಕೆ ಬೇಕು? ಎಯ್ಸಾಕುವಿನ ಕೈ ಉದ್ದ. ಮಣಿಕಟ್ಟಿನ ಹತ್ತಿರ ಬಟ್ಟೆ ಸಾಲದೆ ಬೇರೆ ತುಂಡು ಕೊಟ್ಟು ಹೊಲಿದವಳು ನಾನೇ.

"ಅವನದೇ" ಎಂದೆ.

ಆಮೇಲೆ ನಮ್ಮ ಮನೆಯಲ್ಲಿ ಅಡುಗೆ, ಅಂಗಡಿ, ನಿದ್ದೆ ಎಲ್ಲ ಆ ಟೇಪಿನ ಸುತ್ತಲೇ ನಡೆಯಿತು. ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ. ಟೇಪು ಸವೆದು ಆ ಜಾಗದಲ್ಲಿ ಬಿಳಿ ಗೆರೆಗಳು ಬರತೊಡಗಿದವು. ದೊಡ್ಡವರ ಕಡೆ ನಾವು ಕಣ್ಣೆತ್ತಿಯೂ ನೋಡಲಿಲ್ಲ. ದೊಡ್ಡವರನ್ನು ಅನುಮಾನಿಸುವುದು ಸ್ಟುಡಿಯೊದ ಅನ್ನ ತಿಂದವರ ರಕ್ತದಲ್ಲೇ ಇಲ್ಲ. ಕೊನೆಗೊಂದು ದಿನ ಇವರು ತೀರ್ಪು ಕೊಟ್ಟರು: "ಕೈ ನೋಡು, ಕಲ್ಲಿನ ಹಾಗಿದೆ. ಕೈತಪ್ಪಿ ಚುಚ್ಚಿದೋನ ಕೈ ನಡುಗತ್ತೆ. ಇದು ಬೇಕಂತಲೇ."

ಚಿಗುಸಾ ಅವತ್ತಿನಿಂದ ನಮ್ಮ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಳು. ಅವಳು ಒಬ್ಬಳೇ ಅಡುಗೆಮನೆಯಲ್ಲಿ ನಿಂತು ತಿನ್ನುವುದು ನಮಗಿಬ್ಬರಿಗೂ ಕೇಳಿಸುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಬಾಗಿಲ ಬಳಿ ದೊಡ್ಡದೊಂದು ಪೆಟ್ಟಿಗೆ ಹೊತ್ತು ಒಬ್ಬ ನಿಂತಿದ್ದ. ಉದ್ದ ಕೈ ನೋಡಿದ ಕೂಡಲೇ ಯಾರ ಮಗ ಎಂದು ತಿಳಿಯಿತು.

"ಬಯ್ಯೋದಾದ್ರೆ ಆಮೇಲೆ ಬಯ್ಯಿರಿ ಸರ್" ಎಂದ ಶೂಹೇ, ಸೊಂಟ ಬಾಗಿಸಿ. "ಚಿಗುಸಾ ಎಲ್ಲ ಹೇಳಿದ್ಲು. ನೀವು ನೋಡಿದ ಟೇಪ್ ಪೂರ್ತಿ ಚಿತ್ರ ಅಲ್ಲ. ಥಿಯೇಟರ್ ಪರದೆ ಉದ್ದ, ಟಿವಿ ಚೌಕ. ಅದಕ್ಕೆ ಎರಡೂ ಕಡೆ ಕತ್ತರಿಸಿ ಟೇಪ್ ಮಾಡಿರ್ತಾರೆ. ಈಗ ಇದೇ ಚಿತ್ರ ಡಿಸ್ಕಲ್ಲಿ ಬಂದಿದೆ, ಥಿಯೇಟರಲ್ಲಿ ಇದ್ದಷ್ಟೂ ಇದೆ."

"ನೀನು ನೋಡಿದ್ಯಾ?" ನಾನು ಕೇಳಿದೆ.

"ಇಲ್ಲಮ್ಮ. ನೋಡಿ ತಂದ್ರೆ, ಏನೋ ಮಸಲತ್ತು ಮಾಡಿ ತಂದಿದಾನೆ ಅಂತೀರ."

"ನಿಮ್ಮಪ್ಪಂಗೆ ಗೊತ್ತಾ?"

"ಹೇಳಿಲ್ಲ. ಮನೇಲಿ ಆ ಚಿತ್ರದ ಹೆಸರು ಎತ್ತಿದ್ರೆ ಎದ್ದು ಹೋಗ್ತಾರೆ."

ಎದ್ದು ಹೋಗುತ್ತಾನೆ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದುಕೊಂಡೆ. ಡಿಸ್ಕಿನ ಹೊದಿಕೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದೆ. ಪ್ಲಾಸ್ಟಿಕ್ ಹರಿದಿರಲಿಲ್ಲ. ನಾನೇ ಕತ್ತರಿಯಲ್ಲಿ ಬಿಡಿಸಿದೆ. ಊಟದ ತಟ್ಟೆಗಿಂತ ಅಗಲದ ಬೆಳ್ಳಿಯಂಥ ಡಿಸ್ಕು. ಪೆಟ್ಟಿಗೆಯಲ್ಲಿ ತಂದಿದ್ದ ಡಿಸ್ಕ್ ಪ್ಲೇಯರನ್ನು ಶೂಹೇ ಟಿವಿಗೆ ಜೋಡಿಸಿದ. ಚಿಗುಸಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಒಳಗೆ ಬರಲಿಲ್ಲ.

ಚಿತ್ರ ಶುರುವಾದದ್ದೇ ಇವರು ಸಿಡಿದೆದ್ದರು. "ಏನೋ ಇದು? ಮೇಲೂ ಕೆಳಗೂ ಕಪ್ಪು ಪಟ್ಟಿ! ಅರ್ಧ ಮುಚ್ಚಿಬಿಟ್ಟು ಪೂರ್ತಿ ತಂದೆ ಅಂತೀಯಾ?"

ನನಗೂ ಹಾಗೇ ಅನ್ನಿಸಿತು. ಮುಚ್ಚಿದವರು ಯಾರು, ಏನನ್ನು ಮುಚ್ಚಿದರು ಎಂದು ಆ ಪಟ್ಟಿಗಳನ್ನೇ ನೋಡುತ್ತಿದ್ದೆ.

"ಮುಚ್ಚಿಲ್ಲ ಸರ್, ಉದ್ದ ಚಿತ್ರ ಚೌಕದೊಳಗೆ ಕೂರ್ಬೇಕಲ್ಲ. ಅಂಚು ನೋಡಿ, ಅಂಚು."

ನೋಡಿದೆವು. ಟೇಪಿನಲ್ಲಿ ನಾಯಕ ಗಾಳಿಯೊಡನೆ ಮಾತಾಡುತ್ತಿದ್ದ ಕಡೆ, ಇಲ್ಲಿ ಎದುರಿಗೆ ಒಬ್ಬ ಮುದುಕ ಕೂತಿದ್ದ. ಬರೀ ಕುದುರೆಯ ಬಾಲ ಕಾಣುತ್ತಿದ್ದ ಕಡೆ, ಮೇಲೆ ಸವಾರನೂ ಇದ್ದ. ಇವರ ಉಸಿರು ನಿಧಾನವಾಯಿತು. ಶೂಹೇ ಮುಂದಕ್ಕೆ ಓಡಿಸಿ ಛತ್ರಕ್ಕೆ ಬೆಂಕಿ ಬೀಳುವಲ್ಲಿಗೆ ತಂದ.

ದೊಡ್ಡವರು ನಡುವೆ. ಎಡಗಡೆಯಲ್ಲಿ, ಟೇಪು ಕತ್ತರಿಸಿ ಎಸೆದಿದ್ದ ಜಾಗದಲ್ಲಿ, ನನ್ನ ಗಂಡ. ಎಷ್ಟು ಚಿಕ್ಕ ವಯಸ್ಸು! ಎರಡೂ ಕಣ್ಣಿತ್ತು. ಅವರಿಗಿಂತ ಹಿಂದೆ, ಎರಡಾಳು ದೂರದಲ್ಲಿ, ಪಟ್ಟೆ ತೋಳಿನ ಎಯ್ಸಾಕು, ಕತ್ತಿ ಎತ್ತಿ ತನ್ನ ಸರದಿಗೆ ಕಾಯುತ್ತಿದ್ದಾನೆ. ದೊಡ್ಡವರು ಮುಂದಿದ್ದವನನ್ನು ಉರುಳಿಸಿದರು. ಬೆಂಕಿಯ ಝಳಕ್ಕೆ ಒಂದು ಹೆಜ್ಜೆ ಹಿಂದೆ ಸರಿದರು. ಕಲಿಸಿದ ಲೆಕ್ಕದಲ್ಲಿ ಆ ಹೆಜ್ಜೆ ಇರಲಿಲ್ಲ. ಕತ್ತಿಯನ್ನು ಹೆಗಲ ಮೇಲಿಂದ ಹಿಂದಕ್ಕೆ ಎತ್ತಿದರು. ಅದರ ತುದಿ ನನ್ನ ಗಂಡನ ಕಣ್ಣಿಗೆ ಹೋಯಿತು.

ದೊಡ್ಡವರು ಅರೆಕ್ಷಣ ಹೊರಳಿ ನೋಡಿದರು. ನೋಡಿ, ಮತ್ತೆ ಮುಂದಿನವನನ್ನು ಕಡಿಯಲು ಹೋದರು.

ಎಯ್ಸಾಕು ನಿಂತಿದ್ದ. ನಿಂತೇ ಇದ್ದ. ಆಮೇಲೆ ಕತ್ತಿಯನ್ನು ಬಿಸಾಡಿ, ಪಾತ್ರವನ್ನೂ ಕ್ಯಾಮೆರಾವನ್ನೂ ಮರೆತು, ಬೆಂಕಿಯೊಳಗೆ ನನ್ನ ಗಂಡನ ಕಡೆ ಓಡಿದ. ಥಿಯೇಟರಿನಲ್ಲಿ ಎಲ್ಲರ ಕಣ್ಣೂ ದೊಡ್ಡವರ ಮೇಲಿತ್ತು. ಅಂಚಿನಲ್ಲಿ ಓಡಿದವನನ್ನು ಯಾರು ನೋಡುತ್ತಾರೆ?

ಮೊದಲು ಬಾಯಿಬಿಟ್ಟವರು ಇವರು. "ನಾನು ಸರಿಯಾಗೇ ನಿಂತಿದ್ದೆ" ಎಂದರು. "ಒಂದು ಮುಷ್ಟಿ. ಸರಿಯಾಗೇ ನಿಂತಿದ್ದೆ ಫುಸಾ."

ನನಗೆ ಮೈಯೆಲ್ಲ ಉರಿಯಿತು. ಆ ಪೀಚ್ ಹಣ್ಣುಗಳನ್ನು ನಾನು ನೆರೆಮನೆಗೆ ಹಂಚಿ, ದೊಡ್ಡವರು ಕಳಿಸಿದ್ದು ಎಂದು ಮೆರೆದಿದ್ದೆ. "ಆ ಫೋಟೊ ತೆಗೆದು ಚರಂಡಿಗೆ ಎಸೀತೀನಿ ನೋಡಿ" ಎಂದು ಎದ್ದೆ.

"ಮುಟ್ಬೇಡ."

"ನಿಮ್ಮ ಕಣ್ಣು ತೆಗೆದ ಮನುಷ್ಯ ರೀ!"

"ಮುಟ್ಬೇಡ ಅಂದ್ನಲ್ಲ. ಮೊದ್ಲು ಅವನನ್ನ ಕರಿ." ಶೂಹೇ ಕಡೆ ತಿರುಗಿದರು. "ನಿಮ್ಮಪ್ಪನ್ನ ಕರಿಯೋ."

ಮಧ್ಯಾಹ್ನದ ಟ್ರಾಮಿನಲ್ಲಿ ಎಯ್ಸಾಕು ಬಂದ. ಟಿವಿಯ ಖಳನಾಯಕನ ಕೂದಲೆಲ್ಲ ಬೆಳ್ಳಗಾಗಿತ್ತು. ಒಳಗೆ ಬಂದವನು ನಿಂತ ಚಿತ್ರವನ್ನು ನೋಡಿ, ಮೆತ್ತೆಯ ಮೇಲೂ ಕೂರದೆ ಚಾಪೆಯ ಮೇಲೆ ಕುಸಿದ.

"ಯಾಕೋ ಸುಳ್ಳು ಹೇಳ್ದೆ?" ಇವರು ಕೇಳಿದರು.

"ಯಾರಾದ್ರೂ ಒಬ್ರು ಒಪ್ಕೋಬೇಕು ಅಂತ ಮೇನೇಜರ್ ಬಂದ್ರು. ದೊಡ್ಡವರ ಕೈಯಿಂದ ಆಯ್ತು ಅಂತ ಪೇಪರಲ್ಲಿ ಬಂದ್ರೆ ಚಿತ್ರ ಮುಳುಗತ್ತೆ, ನಮ್ಮೆಲ್ಲರ ಅನ್ನ ಮುಳುಗತ್ತೆ ಅಂದ್ರು. ಹತ್ರ ಇದ್ದೋನು ನಾನು. ನೀನಾಗಿದ್ರೂ ಒಪ್ಕೋತಿದ್ದೆ."

ಇವರು ಅಲ್ಲ ಎನ್ನಲಿಲ್ಲ. ಅದು ನಿಜವೇ. ದೊಡ್ಡವರ ಹೆಸರಿಗೆ ಮಸಿ ಹತ್ತುವುದಾದರೆ ಇವರೂ ಹಣೆ ನೆಲಕ್ಕೆ ಹಚ್ಚುತ್ತಿದ್ದರು.

"ಆ ಪಾತ್ರ? ಅದಕ್ಕೇ ಕೊಟ್ರಾ ನಿಂಗೆ?" ನಾನು ಬಿಡಲಿಲ್ಲ.

"ಹೂಂ ಅತ್ತಿಗೆ. ಕೊಟ್ರು. ತಗೊಂಡೆ."

"ದೊಡ್ಡವರು ಹೋದ್ಮೇಲಾದ್ರೂ ಹೇಳ್ಬೋದಿತ್ತಲ್ಲೋ" ಎಂದರು ಇವರು.

"ಹೇಳಿದ್ರೆ ನಂಬ್ತಿದ್ಯಾ ತೊಕು? ಸತ್ತೋರ ಮೇಲೆ ಹಾಕ್ತಾನೆ ಅಂತಿದ್ದೆ."

ಅದೂ ನಿಜವೇ. ನಮ್ಮಿಬ್ಬರ ಅನುಮಾನ ಅಷ್ಟು ಗಟ್ಟಿಮುಟ್ಟಾಗಿತ್ತು.

ಇವರು ಮಂಡಿಯೂರಿ ನೇರವಾಗಿ ಕೂತರು. "ನನ್ನ ಮಗಳು ನಿಮ್ಮನೆಗೆ ಬರ್ಬೇಕು ಅಂದ್ರೆ ಒಂದು ಮಾತು. ಅವತ್ತು ಆಸ್ಪತ್ರೇಲಿ ಕೇಳಿದ ಕ್ಷಮೆ ವಾಪಸ್ ತಗೋ. ನೀನು ಮಾಡದ ತಪ್ಪಿಗೆ ನಿನ್ನ ಹಣೆ ನೆಲಕ್ಕೆ ಹತ್ತಿದ್ದು ನಂಗೆ ಬೇಡ. ಇಷ್ಟು ವರ್ಷ ನಿನ್ನ ಮೇಲಿಟ್ಟ ಹಗೆ ನಾನೂ ವಾಪಸ್ ತಗೋತೀನಿ. ಅಲ್ಲಿಗೆ ಮುಗೀತು."

ಚಿಗುಸಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಇನ್ನೇನು, ಹೂಂ ಅಂದರೆ ಆಯಿತು. ಆದರೆ ಎಯ್ಸಾಕು ತಲೆಯಾಡಿಸಿದ.

"ಆಗಲ್ಲ."

"ಅಪ್ಪಾ!" ಎಂದ ಶೂಹೇ.

"ಆಗಲ್ಲ ಕಣೋ. ಸ್ವಲ್ಪ ಹಿಂದಕ್ಕೆ ತಿರುಗಿಸು. ಹಾಂ, ಅಲ್ಲಿ. ಈಗ ಬಿಡು."

ಪರದೆಯಲ್ಲಿ ಮತ್ತೆ ಕತ್ತಿಯ ತುದಿ ಬಡಿಯಿತು, ಮತ್ತೆ ನನ್ನ ಗಂಡ ತೂರಾಡಿದರು. ಪಟ್ಟೆ ತೋಳಿನವನು ನಿಂತಿದ್ದ. ನಿಂತೇ ಇದ್ದ. ಬೆಳಿಗ್ಗೆ ನೋಡಿದಾಗಲೂ ಅದು ನನ್ನ ಕಣ್ಣಿಗೆ ಮುಳ್ಳಿನಂತೆ ಚುಚ್ಚಿತ್ತು. ಮಗಳ ಮುಖ ನೋಡಿ ನುಂಗಿಕೊಂಡಿದ್ದೆ.

"ನಿಲ್ಲಿಸು" ಎಂದ ಎಯ್ಸಾಕು. ಅವನ ದನಿ ಟಿವಿಯಲ್ಲಿ ಕೇಳುವ ಹಾಗಿರಲಿಲ್ಲ. "ನೋಡು ತೊಕು, ನಿಂತಿದೀನಿ. ನೀನು ಬಿದ್ದೆ, ನಾನು ನೋಡ್ತಾ ನಿಂತಿದೀನಿ. ಹೊಗೆ ಇತ್ತು, ಗೊತ್ತಾಗ್ಲಿಲ್ಲ ಅಂತ ಹೇಳ್ಬೋದು. ಆದ್ರೆ ಗೊತ್ತಾಗಿತ್ತು. ಆ ಪಾತ್ರ ಇನ್ನು ನಂದೇ ಅನ್ನಿಸ್ತು. ಅದನ್ನ ಅನ್ಕೊಂಡಾದ್ಮೇಲೆ ಓಡಿದ್ದು ನಾನು. ಆಸ್ಪತ್ರೇಲಿ ಹಣೆ ಹಚ್ಚಿದ್ದು ದೊಡ್ಡವರ ತಪ್ಪಿಗಲ್ಲ, ಇದಕ್ಕೆ. ವಾಪಸ್ ತಗೋ ಅಂದ್ರೆ ಹೆಂಗೆ ತಗೊಳ್ಳಲಿ?"

ಅಲ್ಲಿಗೆ ನಮ್ಮ ಇಷ್ಟು ವರ್ಷಗಳ ಅನುಮಾನ ಸುಳ್ಳೂ ಆಗಲಿಲ್ಲ, ನಿಜವೂ ಆಗಲಿಲ್ಲ. ನನಗೆ ಎಯ್ಸಾಕುವಿನ ಮೇಲೆ ಎಂಥ ಸಿಟ್ಟು ಬಂತೆಂದರೆ, ಒಂದು ಹೂಂ ಅಂದು ಮುಗಿಸದೆ ಈ ಮುದುಕ ನನ್ನ ಮಗಳ ಬಾಳನ್ನು ಮತ್ತೆ ಬೆಂಕಿಗೆ ತಳ್ಳಿದನಲ್ಲ ಎಂದು ಅವನನ್ನು ಬಾಗಿಲಾಚೆ ದಬ್ಬಬೇಕೆನ್ನಿಸಿತು. ಶೂಹೇ ತಲೆ ತಗ್ಗಿಸಿ ಕೂತಿದ್ದ.

ಇವರು ತಮ್ಮ ಒಂದೇ ಕಣ್ಣನ್ನು ಪರದೆಯ ಹತ್ತಿರಕ್ಕೆ ಒಯ್ದು, ಆ ಎಡ ಅಂಚನ್ನು ಬಹಳ ಹೊತ್ತು ನೋಡಿದರು. ಹಿಂದಕ್ಕೆ ತಿರುಗಿಸಲು ಹೇಳಿ ಇನ್ನೊಮ್ಮೆ ನೋಡಿದರು. ಆಮೇಲೆ ಹಿಂದೆ ಸರಿದು ಕೂತರು.

"ಅಷ್ಟೇ ಹೊತ್ತಾ?" ಎಂದರು. "ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಇನ್ನೂ ಸ್ವಲ್ಪ ಹೊತ್ತು ನಿಂತಿರ್ತಿದ್ದೆ ಕಣೋ."

ಎಯ್ಸಾಕು ಮುಖ ಮುಚ್ಚಿಕೊಂಡ. ಅವನ ಉದ್ದ ಕೈಗಳು ಅಲುಗುತ್ತಿದ್ದವು. ಇವರು ಅವನ ಕಡೆ ನೋಡದೆ, ಅಡುಗೆಮನೆಯ ಕಡೆ ತಿರುಗಿ ಕೂಗಿದರು:

"ಚಿಗುಸಾ, ನಿಮ್ಮ ಮಾವ ಬಂದಿದಾರೆ. ಟೀ ತಾ."

ಅವಳಿಗೆಲ್ಲಿ ಟೀ ನೆನಪು. ಬಾಗಿಲಲ್ಲೇ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಟೀ ನಾನೇ ಮಾಡಬೇಕಾಯಿತು.